ಬ್ಯಾಕಪ್‌ಗೆ ಹಾಕಿದ ಟಿಕ್ ಗುರುತು

ಸರ್ಕಾರಿ ಇಲಾಖೆಗಳು ತಮ್ಮ ಡೇಟಾಬೇಸ್‌ಗಳ ತಾಂತ್ರಿಕ ಬೆಂಬಲ ಮತ್ತು ನಿರ್ವಹಣೆಗೆಂದು ಕರೆಯುವ ಟೆಂಡರ್‌ಗಳನ್ನು ನಾನು ಎರಡೂ ಕಡೆಯಿಂದ ನೋಡಿದ್ದೇನೆ. ಮೊದಲು ಕೆಲವು ವರ್ಷ ಗುತ್ತಿಗೆ ಹಿಡಿದವರ ಪರವಾಗಿ ಕೆಲಸ ಮಾಡಿದೆ, ಆಮೇಲೆ ಬಿಲ್ಲು ಪರಿಶೀಲಿಸುವವರ ಪಕ್ಕದಲ್ಲಿ ಕುಳಿತೆ. ಎಷ್ಟು ಜನ ಸಿಬ್ಬಂದಿ ಇರಬೇಕು, ಅವರಿಗೆ ಎಷ್ಟು ವರ್ಷದ ಅನುಭವ ಇರಬೇಕು, ಯಾವ ಪ್ರಮಾಣಪತ್ರ ತರಬೇಕು, ಎಷ್ಟು ಗಂಟೆಗೆ ಹಾಜರಾಗಬೇಕು ಎಂಬುದೆಲ್ಲ ಆ ದಾಖಲೆಗಳಲ್ಲಿ ಪುಟಗಟ್ಟಲೆ ಇರುತ್ತದೆ. ಡೇಟಾಬೇಸ್ ಕೈಕೊಟ್ಟ ದಿನ ಅದನ್ನು ಬ್ಯಾಕಪ್‌ನಿಂದ, ಅಂದರೆ ಮೊದಲೇ ತೆಗೆದಿಟ್ಟ ಪ್ರತಿಯಿಂದ, ಮರಳಿ ಎಬ್ಬಿಸಿ ತೋರಿಸಬೇಕು, ಅದಕ್ಕೆ ಮೊದಲೇ ಅಭ್ಯಾಸ ನಡೆಸಿರಬೇಕು ಎಂಬ ಮಾತು ಮಾತ್ರ ಒಂದು ಸಾಲಿನಲ್ಲಿ ಮುಗಿದಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ನನ್ನ ತಕರಾರು ಇದೊಂದರ ಬಗ್ಗೆಯೇ.

ಒಮ್ಮೆ ನನ್ನ ಮುಂದೆ ಬಂದ ತಿಂಗಳ ವರದಿಯಲ್ಲಿ ‘ಬ್ಯಾಕಪ್ ತೆಗೆಯಲಾಗಿದೆ’ ಎಂಬ ಅಂಕಣವಿತ್ತು. ಮೂವತ್ತು ದಿನಕ್ಕೆ ಮೂವತ್ತು ಟಿಕ್ ಗುರುತು, ಎಲ್ಲವೂ ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ. ಹನ್ನೊಂದನೆಯ ತಾರೀಖಿನದನ್ನು ಬೇರೆ ಯಂತ್ರದ ಮೇಲೆ ತೆರೆದು ತೋರಿಸಿ ಎಂದು ಕೇಳಿದೆ. ಫೈಲ್ ಇತ್ತು, ಗಾತ್ರವೂ ಸರಿಯಾಗಿಯೇ ಇತ್ತು. ಆದರೆ ಅದನ್ನು ಗೂಢಲಿಪಿಯಲ್ಲಿ ಭದ್ರಪಡಿಸಿದ್ದ ಕೀಲಿ, ಕೆಲಸ ಬಿಟ್ಟು ಹೋಗಿದ್ದ ಒಬ್ಬ ನೌಕರನ ಬಳಿಯಲ್ಲಿ ಮಾತ್ರ ಇತ್ತೆಂದು ಎರಡು ದಿನದ ನಂತರ ತಿಳಿಯಿತು. ಆ ತಿಂಗಳ ಬಿಲ್ಲು ಪೂರ್ತಿ ಪಾಸಾಯಿತು, ಏಕೆಂದರೆ ಬ್ಯಾಕಪ್ ತೆಗೆಯಬೇಕೆಂದಿತ್ತೇ ಹೊರತು ಅದು ತೆರೆದುಕೊಳ್ಳಬೇಕೆಂದು ಕರಾರಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಊಟಕ್ಕಿಲ್ಲದ ಉಪ್ಪಿನಕಾಯಿಗೆ ಪ್ರತಿ ತಿಂಗಳೂ ಹಣ ಕೊಡುತ್ತಿದ್ದೆವು.

ಇದು ಸರ್ಕಾರಿ ಕಚೇರಿಗಳಿಗಷ್ಟೇ ಅಂಟಿದ ರೋಗವಲ್ಲ. 2017ರ ಜನವರಿ 31ರ ರಾತ್ರಿ, ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಟ್ಟುಕೊಳ್ಳುವ ತಾಣವನ್ನು ನಡೆಸುವ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ನಕಲು ಸರ್ವರ್ ಎಂದುಕೊಂಡು ಮುಖ್ಯ ಸರ್ವರ್‌ನಿಂದಲೇ ಸುಮಾರು 300 ಜಿಬಿ ದತ್ತಾಂಶವನ್ನು ಅಳಿಸಿಬಿಟ್ಟರು. ದಿನವೂ ನಡೆಯುತ್ತಿದೆ ಎಂದುಕೊಂಡಿದ್ದ ಬ್ಯಾಕಪ್‌ಗಾಗಿ ಹುಡುಕಿದರೆ ಅದು ಇರಲೇ ಇಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್ ಎಂಬ ಉಚಿತ ತಂತ್ರಾಂಶದ 9.6 ಆವೃತ್ತಿಯದಾಗಿದ್ದು, ಬ್ಯಾಕಪ್ ತೆಗೆಯುವ ಸಾಧನ 9.2ರದಾಗಿದ್ದರಿಂದ ಆ ಕೆಲಸ ಸದ್ದಿಲ್ಲದೆ ವಿಫಲವಾಗುತ್ತಿತ್ತು; ವಿಫಲವಾಯಿತೆಂದು ಹೇಳಬೇಕಿದ್ದ ಇಮೇಲ್‌ಗಳೂ ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಅದೇ ಎಂಜಿನಿಯರ್ ಬೇರೊಂದು ಕೆಲಸಕ್ಕಾಗಿ ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಪ್ರತಿಯೊಂದರಿಂದ ಸಂಸ್ಥೆ ಉಳಿದುಕೊಂಡಿತು. ಇದನ್ನೆಲ್ಲ ಮುಚ್ಚಿಡದೆ ಅವರೇ ಪ್ರಕಟಿಸಿದ್ದರಿಂದ ನಮಗೆ ತಿಳಿದಿದೆ. ಇಂಥ ವರದಿಯನ್ನು ಪ್ರಕಟಿಸುವ ಇಲಾಖೆಯನ್ನು ನಾನಂತೂ ಇನ್ನೂ ಕಂಡಿಲ್ಲ.

2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜಾನ್ ನಗರದಲ್ಲಿದ್ದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ, ಲಿಥಿಯಂ ಬ್ಯಾಟರಿಗಳನ್ನು ಸ್ಥಳಾಂತರಿಸುವ ಕೆಲಸದ ವೇಳೆ ಬೆಂಕಿ ಹೊತ್ತಿಕೊಂಡಿತು. ನೂರಾರು ಸರ್ಕಾರಿ ಸೇವೆಗಳು ನಿಂತುಹೋದವು. ಅಲ್ಲಿನ ಸರ್ಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್ ಎಂಬ ವ್ಯವಸ್ಥೆಯಲ್ಲಿದ್ದ 858 ಟೆರಾಬೈಟ್‌ನಷ್ಟು ದತ್ತಾಂಶಕ್ಕೆ ಹೊರಗಡೆ ಬ್ಯಾಕಪ್ ಇರಲಿಲ್ಲ. ಗಾತ್ರ ತೀರಾ ದೊಡ್ಡದಾಗಿದ್ದರಿಂದ ಇಡಲಾಗಿರಲಿಲ್ಲ ಎಂಬುದು ಬಂದ ವಿವರಣೆ.

ಕರಾರುಗಳು ಹೀಗೇಕಿರುತ್ತವೆ ಎಂಬುದಕ್ಕೆ ಉತ್ತರ ಕಷ್ಟವಲ್ಲ. ಹಾಜರಾತಿಯನ್ನು ಎಣಿಸಬಹುದು, ಪ್ರಮಾಣಪತ್ರವನ್ನು ಕಡತಕ್ಕೆ ಲಗತ್ತಿಸಬಹುದು, ನಾಳೆ ಲೆಕ್ಕಪರಿಶೋಧಕರು ಬಂದರೆ ಎರಡನ್ನೂ ತೋರಿಸಬಹುದು. ಇದಕ್ಕೆ ಜೊತೆಯಾಗಿ ‘ಶೇ. 99.9ರಷ್ಟು ಸಮಯ ವ್ಯವಸ್ಥೆ ಲಭ್ಯವಿರಬೇಕು’ ಎಂಬ ಷರತ್ತು ಬರುತ್ತದೆ. ಕೇಳಲು ಬಿಗಿಯಾಗಿರುವ ಈ ಷರತ್ತನ್ನು ತಿಂಗಳ ಲೆಕ್ಕದಲ್ಲಿ ಅಳೆದರೆ ಸುಮಾರು 43 ನಿಮಿಷ ಮಾತ್ರ ನಿಲ್ಲಲು ಅವಕಾಶ, ವರ್ಷದ ಲೆಕ್ಕದಲ್ಲಿ ಅಳೆದರೆ ಸುಮಾರು ಎಂಟೂಮುಕ್ಕಾಲು ಗಂಟೆ, ಅಂದರೆ ಕಚೇರಿಯ ಇಡೀ ಒಂದು ದಿನ ಮುಚ್ಚಿದ್ದರೂ ದಂಡವಿಲ್ಲ. ಯಾವ ಲೆಕ್ಕ ಎಂಬುದನ್ನು ಬರೆಯದೆಯೇ ಸಹಿಯಾದ ಕರಾರನ್ನೂ ನೋಡಿದ್ದೇನೆ. ಇಷ್ಟಕ್ಕೂ ಡೇಟಾಬೇಸ್ ಚಾಲನೆಯಲ್ಲಿದ್ದು ಅದರೊಳಗಿನ ನಿನ್ನೆಯ ನಮೂದುಗಳೆಲ್ಲ ಮಾಯವಾಗಿದ್ದರೆ ಈ ಶೇಕಡಾವಾರು ಲೆಕ್ಕದಲ್ಲಿ ಅದು ನೂರಕ್ಕೆ ನೂರು.

‘ಬೆಂಬಲ’ ಎಂಬ ಪದವೂ ಗೊಂದಲವನ್ನು ಹೆಚ್ಚಿಸುತ್ತದೆ. ಡೇಟಾಬೇಸ್ ತಂತ್ರಾಂಶ ಮಾರುವ ಒರಾಕಲ್‌ನಂಥ ಕಂಪನಿಗೆ ಪರವಾನಗಿ ಮೊತ್ತದ ಶೇ. 22ರಷ್ಟನ್ನು ವರ್ಷವರ್ಷವೂ ಕಟ್ಟುವುದು ದೋಷ ಪರಿಹಾರ ಮತ್ತು ಹೊಸ ಆವೃತ್ತಿಗಳ ಹಕ್ಕಿಗಾಗಿ. ನಿಮ್ಮ ಬ್ಯಾಕಪ್ ತೆರೆದುಕೊಳ್ಳುತ್ತದೆಯೇ ಎಂದು ನೋಡುವ ಹೊಣೆ ಅದರಲ್ಲಿಲ್ಲ. ಪೋಸ್ಟ್‌ಗ್ರೆಸ್ ಬಳಸಿದರೆ ಆ ಶುಲ್ಕ ಕಟ್ಟಬೇಕಾಗಿಲ್ಲ, ಆದರೆ ಪ್ರತಿ ಮುಖ್ಯ ಆವೃತ್ತಿಗೆ ಐದು ವರ್ಷ ಮಾತ್ರ ತಿದ್ದುಪಡಿಗಳು ಸಿಗುತ್ತವೆ. ಅವಧಿ ಮುಗಿದಾಗ ಆವೃತ್ತಿ ಏರಿಸುವುದು ನಿರ್ವಹಣೆಯ ಭಾಗವೇ ಅಥವಾ ಬೇರೆ ಕೆಲಸವೇ ಎಂಬ ಜಗಳ ಶುರುವಾಗುತ್ತದೆ, ಅಷ್ಟರಲ್ಲಿ ಗುತ್ತಿಗೆಯ ಅವಧಿಯೇ ತೀರಿರುತ್ತದೆ.

ಷರತ್ತು ಹೀಗಿದ್ದರೆ ಸಾಕು ಎಂಬುದು ನನ್ನ ಅಭಿಪ್ರಾಯ: ಮೂರು ತಿಂಗಳಿಗೊಮ್ಮೆ, ಮುನ್ಸೂಚನೆಯಿಲ್ಲದೆ, ಇಲಾಖೆಯ ಅಧಿಕಾರಿ ಒಂದು ತಾರೀಖನ್ನು ಆರಿಸಬೇಕು, ಗುತ್ತಿಗೆದಾರರು ಆ ದಿನದ ಬ್ಯಾಕಪ್ಪನ್ನು ಪ್ರತ್ಯೇಕ ಯಂತ್ರದಲ್ಲಿ ಎಬ್ಬಿಸಬೇಕು, ಇಲಾಖೆಯ ಗುಮಾಸ್ತರೇ ತಮಗೆ ಗೊತ್ತಿರುವ ಹತ್ತು ದಾಖಲೆಗಳನ್ನು ತೆರೆದು ನೋಡಬೇಕು, ಶುರುವಿನಿಂದ ಕೊನೆಯವರೆಗೆ ಹಿಡಿದ ಸಮಯವನ್ನು ಬರೆದಿಡಬೇಕು. ಆ ತ್ರೈಮಾಸಿಕದ ಹಣದ ಗಣನೀಯ ಪಾಲು ಇದರ ಮೇಲೆ ನಿಂತಿರಬೇಕು. ಕೀಲಿಗಳ ಒಂದು ಪ್ರತಿ ಇಲಾಖೆಯ ತಿಜೋರಿಯಲ್ಲಿ ಇರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ, ಆದರೂ ಬರೆಯಿರಿ.

ಇದಕ್ಕೆ ಹೆಚ್ಚುವರಿ ಯಂತ್ರ ಬೇಕು, ಡಿಸ್ಕ್ ಬೇಕು, ಜನರ ಸಮಯ ಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದ್ದರಿಂದಲೇ ಅದನ್ನು ದರಪಟ್ಟಿಯಲ್ಲಿ ಪ್ರತ್ಯೇಕ ಸಾಲಾಗಿ ಕೇಳಬೇಕು. ಇಲ್ಲದಿದ್ದರೆ ಅತಿ ಕಡಿಮೆ ದರ ನಮೂದಿಸಿದವರು ಮೊದಲು ಕೈಬಿಡುವುದೇ ಈ ಖರ್ಚನ್ನು, ಪ್ರಾಮಾಣಿಕವಾಗಿ ಲೆಕ್ಕ ಹಾಕಿದವರು ಟೆಂಡರ್ ಕಳೆದುಕೊಳ್ಳುತ್ತಾರೆ. ಈಗಾಗಲೇ ನಡೆಯುತ್ತಿರುವ ಗುತ್ತಿಗೆಗಳ ಷರತ್ತನ್ನು ನಡುವೆ ಬದಲಿಸುವುದು ಕಷ್ಟ. ಆದರೆ ಅವಧಿ ವಿಸ್ತರಣೆಯ ಕಡತ ಮೇಜಿಗೆ ಬಂದಾಗ, ಸಹಿಗೆ ಮೊದಲು, ಕಳೆದ ತಿಂಗಳ ಯಾವುದಾದರೂ ಒಂದು ದಿನದ ಬ್ಯಾಕಪ್ಪನ್ನು ತೆರೆದು ತೋರಿಸಿ ಎಂದು ಕೇಳಲು ಯಾವ ಟೆಂಡರೂ ಬೇಕಾಗಿಲ್ಲ.