ಎಂತ ಇಲ್ಲ ಅಣ್ಣ

ನಿನ್ನೆ ಭಾಗಮಂಡಲದ ಹತ್ತಿರ ಒಂದು ಹೋಂಸ್ಟೇಯಲ್ಲಿ ಇಪ್ಪತ್ತೆರಡು ಕಿಟಕಿ ಒರೆಸಿ ಏಣಿಯಿಂದ ಇಳಿದೆ. ಮಾತಾಗಿದ್ದದ್ದು 1,500 ರೂಪಾಯಿ. ಯಜಮಾನರು 1,400 ಎಣಿಸಿ ಕೈಗಿಟ್ಟು, ಉಳಿದ ನೂರಕ್ಕೆ ಬದಲಾಗಿ ಒಂದು ಮಾತು ಕೊಟ್ಟರು: "ಗಾಜು ಒರೆಸೋಕೆ ಎಂತ ಉಂಟು ಮಾರಾಯ? ಒಂದು ಬಟ್ಟೆ, ಒಂದು ಸೋಪು."

ಆಗ ನಕ್ಕೆ. ನಗುವುದೂ ನನ್ನ ರೇಟಿನಲ್ಲೇ ಸೇರಿದೆ. ಮನೆಗೆ ಬಂದು ಕೈಕಾಲು ತೊಳೆಯುವಾಗ ಸಿಟ್ಟು ಬಂತು. ಊಟಕ್ಕೆ ಕೂತಾಗ ಅವರಿಗೆ ಕೊಡಬೇಕಿದ್ದ ಉತ್ತರ ಹೊಳೆಯಿತು. ರಾತ್ರಿ ಎರಡು ಗಂಟೆಗೆ ಅದಕ್ಕಿಂತ ಒಳ್ಳೆಯ ಉತ್ತರ ಹೊಳೆಯಿತು. ಕೇಳಲು ಯಜಮಾನರಿಲ್ಲ, ಹೆಂಡತಿ ಇದ್ದಳು. ಎಬ್ಬಿಸಿ ಹೇಳಿದೆ. "ಆ ನೂರು ರೂಪಾಯಿ ನಾನೇ ಕೊಡ್ತೇನೆ, ಮಲಗಿ" ಅಂದು ಮಗ್ಗುಲು ಬದಲಿಸಿದಳು.

ಎಂತ ಉಂಟು ಅಂತ ಕೇಳಿದರಲ್ಲ, ಅದು ಅವರ ಅಂಗಳದಲ್ಲೇ ನಿಂತಿತ್ತು. 2007ರ ಮಾರುತಿ ಓಮ್ನಿ. ಮಡಿಕೇರಿಯಿಂದ ಭಾಗಮಂಡಲಕ್ಕೆ ಸುಮಾರು 40 ಕಿಲೋಮೀಟರ್, ಹೋಗಿ ಬರಲು 80. ಖಾಲಿ ವ್ಯಾನು ಸಮತಟ್ಟು ರಸ್ತೆಯಲ್ಲಿ ಲೀಟರಿಗೆ ಹದಿನಾಲ್ಕು ಕೊಟ್ಟೀತು. ನಮ್ಮ ಜಿಲ್ಲೆಯಲ್ಲಿ ಸಮತಟ್ಟು ಅಂತ ಇರುವುದು ಭತ್ತದ ಗದ್ದೆ ಮಾತ್ರ, ಅಲ್ಲಿ ವ್ಯಾನು ಓಡಿಸಲು ಬಿಡುವುದಿಲ್ಲ. ಏಣಿ, ಡ್ರಮ್ಮು, ನಾನು, ಈ ಮೂವರನ್ನೂ ಹೊತ್ತು ಏರಿ ಇಳಿದರೆ ಅದು ಕೊಡುವುದು ಹತ್ತು. ಅಂದರೆ ಎಂಟು ಲೀಟರು. ಪೆಟ್ರೋಲು ನೂರು ದಾಟಿದ್ದು ಹಳೇ ಸುದ್ದಿ. ಅಲ್ಲಿಗೆ ಎಂಟುನೂರರ ಮೇಲೆ ಹೊಗೆಯಾಗಿ ಹೋಯಿತು. ಮಿಕ್ಕಿದ್ದರಲ್ಲಿ ಬಟ್ಟೆ, ಸೋಪು, ನನ್ನ ಮಂಡಿನೋವು.

ಡ್ರಮ್ಮಿನ ವಿಷಯ ಹೇಳಬೇಕು, ಏಕೆಂದರೆ ಎಲ್ಲರೂ ಅದನ್ನು ನೋಡಿ ನಗುತ್ತಾರೆ. ಕೊಡಗಿನಲ್ಲಿ ನೀರು ಹೊತ್ತುಕೊಂಡು ತಿರುಗುವವನು ನಾನೊಬ್ಬನೇ ಇರಬೇಕು. ಆದರೆ ಬೋರಿನ ನೀರಿನಲ್ಲಿ ತೊಳೆದ ಗಾಜು ಒಣಗಿದ ಮೇಲೆ ನೋಡಿ, ನೀರಿನಲ್ಲಿದ್ದ ಉಪ್ಪಿನಂಶವೆಲ್ಲ ಬಿಳಿ ಚುಕ್ಕೆಯಾಗಿ ಕೂತಿರುತ್ತದೆ. ಮಳೆ ನೀರಿಗೆ ಆ ತಾಪತ್ರಯ ಇಲ್ಲ. ಹಾಗಾಗಿ ನಮ್ಮ ಮಾಡಿನ ದೋಣಿಯಿಂದ ಬೀಳುವ ನೀರನ್ನು ಸೋಸಿ ಹಿಡಿದು, 200 ಲೀಟರಿನ ನೀಲಿ ಡ್ರಮ್ಮಿನಲ್ಲಿ ಮುಕ್ಕಾಲು ತುಂಬಿಸಿಕೊಂಡು ಹೊರಡುತ್ತೇನೆ. ನೂರೈವತ್ತು ಲೀಟರು ಅಂದರೆ ನೂರೈವತ್ತು ಕಿಲೋ. ಇಬ್ಬರು ದಷ್ಟಪುಷ್ಟ ನೆಂಟರನ್ನು ಹಿಂದೆ ಕೂರಿಸಿಕೊಂಡ ಹಾಗೆ. ನೆಂಟರಾದರೂ ತಿರುವಿನಲ್ಲಿ ನನ್ನ ಜೊತೆಗೇ ವಾಲುತ್ತಾರೆ. ಈ ನೀರು ಒಂದು ಗಳಿಗೆ ತಡೆದು, ನಾನು ಸ್ಟೇರಿಂಗ್ ನೇರ ಮಾಡಿದ ಮೇಲೆ, "ಓ ತಿರುವಾ?" ಅಂತ ದಬ್ಬುತ್ತದೆ. ಹಿಂದಿನ ಸ್ಪ್ರಿಂಗ್ ಪ್ಲೇಟು ಎರಡು ಸಲ ಮುರಿದದ್ದು ಇದರಿಂದಲೇ.

ಕಾಗದದ ಖರ್ಚು ಬೇರೆ. ಥರ್ಡ್ ಪಾರ್ಟಿ ಇನ್ಶೂರೆನ್ಸು 2,094, ಅದರ ಮೇಲೆ ಜಿಎಸ್‌ಟಿ. ಎಮಿಷನ್ ಚೀಟಿ. ಹದಿನೈದು ವರ್ಷ ತುಂಬಿದ ಗಾಡಿಗೆ ರಿಜಿಸ್ಟ್ರೇಷನ್ ನವೀಕರಣದ ಶುಲ್ಕ 600 ಇದ್ದದ್ದು 2022ರ ಏಪ್ರಿಲ್‌ನಲ್ಲಿ 5,000 ಆಯಿತು. ನನ್ನ ವ್ಯಾನಿಗೆ ಹದಿನೈದು ತುಂಬಿದ್ದು ಮೇ ತಿಂಗಳಲ್ಲಿ. ಇಷ್ಟು ಹೇಳಿದರೆ ಸಾಕು.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ವ್ಯಾನು ರಿಪೇರಿ ಮಾಡುವ ನಮ್ಮ ಮೇಸ್ತ್ರಿಯ "ಎಂತ ಇಲ್ಲ".

ಕೆಲಸಗಾರ ಒಳ್ಳೆಯವನೇ. ಕೈ ಚಿನ್ನ. ಓಮ್ನಿಯ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಬೇರೆ ಗಾಡಿಗಳ ಹಾಗೆ ಬಾನೆಟ್ ಎತ್ತಿ ಗಂಭೀರವಾಗಿ ಇಣುಕುವ ಭಾಗ್ಯ ನಮಗಿಲ್ಲ, ನಾವು ಎದ್ದು ನಿಂತು ಸೀಟನ್ನು ಎತ್ತಬೇಕು. ಅವನು ಸೀಟು ಎತ್ತಿ, ತಲೆ ತೂರಿಸಿ, ಒಳಗಿನಿಂದಲೇ ಹೇಳುತ್ತಾನೆ: "ಎಂತ ಇಲ್ಲ ಅಣ್ಣ." ಮೊದಮೊದಲು ನಾನು ಇದನ್ನು ಕನ್ನಡ ಅಂದುಕೊಂಡಿದ್ದೆ. ಎಂತ ಇಲ್ಲ ಅಂದರೆ ಏನೂ ಇಲ್ಲ ಅಂತ ಸಮಾಧಾನದಿಂದ ಕೂತಿರುತ್ತಿದ್ದೆ. ಹನ್ನೆರಡು ವರ್ಷದ ವ್ಯವಹಾರದ ಮೇಲೆ ಈಗ ಅದು ಒಂದು ದರಪಟ್ಟಿ ಅಂತ ಗೊತ್ತಾಗಿದೆ.

ಒಂದೇ ಉಸಿರಿನಲ್ಲಿ, ತಲೆ ಹೊರಗೆ ತೆಗೆಯದೆ "ಎಂತಿಲ್ಲ" ಅಂದರೆ ಇನ್ನೂರು ರೂಪಾಯಿ. ಕೇಬಲ್ಲೋ ಪ್ಲಗ್ಗೋ. ತಲೆ ಹೊರಗೆ ತೆಗೆದು, ಹಳೇ ಬನಿಯನ್ ತುಂಡಿನಲ್ಲಿ ಬೆರಳು ಒಂದೊಂದಾಗಿ ಒರೆಸುತ್ತಾ "ಎಂತ ಇಲ್ಲ" ಅಂದರೆ ಎರಡು ಸಾವಿರ. ಎಷ್ಟು ಬೆರಳು ಒರೆಸಿದ ಅನ್ನುವುದನ್ನೂ ನಾನು ಲೆಕ್ಕ ಇಡುತ್ತೇನೆ, ಹೆಬ್ಬೆರಳಿಗೆ ಬಂದರೆ ಬ್ರೇಕ್ ಶೂ. "ಎಂತ ಇಲ್ಲ ಅಣ್ಣಾ" ಅಂತ ಕೊನೆಯ ಅಕ್ಷರ ಎಳೆದು, ಹುಡುಗನನ್ನು ಚಹಾಕ್ಕೆ ಅಟ್ಟಿದರೆ ಕ್ಲಚ್ ಪ್ಲೇಟು. ಒಮ್ಮೆ ಚಹಾದ ಜೊತೆ ಪಳಂಪೂರಿ, ಅಂದರೆ ಬಾಳೆಹಣ್ಣಿನ ಬಜ್ಜಿಯೂ ಬಂತು, ಅವನ ದುಡ್ಡಿನಲ್ಲಿ. ನಾನು ಬಾಯಿಗಿಟ್ಟುಕೊಳ್ಳುವ ಮೊದಲೇ ಕೇಳಿದೆ, "ಹೆಡ್ ಗ್ಯಾಸ್ಕೆಟ್ಟಾ?" ಅವನಿಗೆ ಆಶ್ಚರ್ಯ. "ಹೇಗೆ ಗೊತ್ತಾಯ್ತು ಅಣ್ಣ?"

ಎಷ್ಟಾಗಬಹುದು ಅಂತ ಮುಂಚೆ ಕೇಳಿದರೆ ಅವನ ಮುಖ ಬಾಡುತ್ತದೆ. "ನಮ್ಮೊಳಗೆ ಎಂತ ಲೆಕ್ಕ ಅಣ್ಣ?" ನಮ್ಮೊಳಗಿನ ಆ ಇಲ್ಲದ ಲೆಕ್ಕ ಸಂಜೆ ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ, ಕೂಡಿಸಿ, ಎರಡು ಗೆರೆ ಎಳೆದು, ಬರುತ್ತದೆ. ಅದರಲ್ಲಿ ನಾನು ಹೇಳದ ಎರಡು ಕೆಲಸವೂ ಇರುತ್ತವೆ. ಅದಕ್ಕೆ ಅವನ ಇನ್ನೊಂದು ಮಾತುಂಟು: "ಹೇಗೂ ಬಿಚ್ಚಿದ್ದೇವಲ್ಲ." ಹೇಗೂ ಬಿಚ್ಚಿದ್ದೇವಲ್ಲ ಅಂತ ಫ್ಯಾನ್ ಬೆಲ್ಟು, ಹೇಗೂ ಬಿಚ್ಚಿದ್ದೇವಲ್ಲ ಅಂತ ಹೋಸು. ಹೋಂಸ್ಟೇಯವರದೂ ಇದೇ ಶಾಲೆ. "ಹೇಗೂ ಈ ಕಡೆ ಬಂದಿದ್ದೀರಲ್ಲ, ಆ ಸೋಲಾರ್ ಪ್ಯಾನೆಲ್ಲೂ ಒಂಚೂರು ಒರೆಸಿಬಿಡಿ." ವ್ಯತ್ಯಾಸ ಇಷ್ಟೇ, ಮೇಸ್ತ್ರಿಯ ಹೇಗೂಗೆ ನಾನು ದುಡ್ಡು ಕೊಡುತ್ತೇನೆ, ಹೋಂಸ್ಟೇಯವರ ಹೇಗೂಗೂ ನಾನೇ ದುಡ್ಡು ಕೊಡುತ್ತೇನೆ.

ಹೋದ ವಾರ ವ್ಯಾನಿನ ವೈಪರ್ ತೊದಲಲು ಶುರುಮಾಡಿತ್ತು. ತೋರಿಸಿದೆ. ಸೀಟು ಕೂಡ ಎತ್ತಲಿಲ್ಲ, "ಎಂತಿಲ್ಲ, ಫ್ಯೂಸು" ಅಂದ. ಐವತ್ತು ರೂಪಾಯಿ. ಇಷ್ಟು ಅಗ್ಗದ ಎಂತಿಲ್ಲ ನಾನು ಕಂಡದ್ದೇ ಇಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ನಿನ್ನೆ ಬೆಟ್ಟಗೇರಿ ದಾಟಿ ಚೇರಂಬಾಣೆಯ ಕಡೆ ಹೋಗುತ್ತಿದ್ದೇನೆ. ದಸರಾ ರಜೆಗೆ ಮುಂಚೆ ಎಲ್ಲರಿಗೂ ಒಟ್ಟಿಗೇ ಗಾಜು ನೆನಪಾಗುವ ಸಮಯ. ಮಳೆ ಬಿಟ್ಟಿತು ಅಂತ ನಾವು ಅಂದುಕೊಂಡಿದ್ದೆವು, ಮಳೆ ಹಾಗೇನೂ ಅಂದುಕೊಂಡಿರಲಿಲ್ಲ. ಮೇಲೆ ಮಂಜು, ಅದರೊಳಗಿಂದ ಜಿಟಿಜಿಟಿ. ವೈಪರ್ ಎರಡು ಸಲ ಕೊಂಯ್ಯೆಂದು, ಉತ್ತರ ಗೊತ್ತಿರುವ ಹುಡುಗ ಕೈ ಎತ್ತಿದ ಹಾಗೆ ಗಾಜಿನ ನಡುಮಧ್ಯೆ ನೆಟ್ಟಗೆ ನಿಂತುಬಿಟ್ಟಿತು. ಒಂದು ಪಕ್ಕ ತೋಟದ ಕಡಿದಾದ ದಿಬ್ಬ, ಇನ್ನೊಂದು ಪಕ್ಕ ಏನಿದೆ ಅಂತ ಮಂಜಿನಲ್ಲಿ ಕಾಣದಿದ್ದದ್ದೇ ಪುಣ್ಯ. ನಿಲ್ಲಿಸಲು ಜಾಗವಿಲ್ಲ.

ಗಮನಿಸಿ, ವ್ಯಾನಿನ ಒಳಗೆ ನಾಲ್ಕು ವೈಪರ್ ಇವೆ. ಗಾಜಿನ ನೀರು ಎಳೆಯುವ ನನ್ನ ಕಸುಬಿನ ವೈಪರ್. ರಬ್ಬರು ಹೊಸದು, ಒಂದಕ್ಕೆ ಎಳೆದರೆ ಉದ್ದವಾಗುವ ಕೋಲು ಬೇರೆ. ಹಿಂದಕ್ಕೆ ಕೈ ಹಾಕಿ ಅದನ್ನು ತೆಗೆದೆ. ಬಲಗೈಯನ್ನು ಕಿಟಕಿಯಿಂದ ಆಚೆ ಹಾಕಿ, ಮೇಲಿನಿಂದ ಕೆಳಗೆ ಒಂದು ಎಳೆತ. ಆಹಾ. ಇಡೀ ಜಿಲ್ಲೆಯಲ್ಲಿ ಅಷ್ಟು ಸ್ವಚ್ಛವಾದ ವಿಂಡ್‌ಶೀಲ್ಡು ಆ ನಾಲ್ಕು ಸೆಕೆಂಡು ಯಾರಿಗೂ ಇರಲಿಲ್ಲ. ಎಡಗೈ ಸ್ಟೇರಿಂಗಿಗೆ, ಬಲಗೈ ವೈಪರಿಗೆ, ಗೇರಿಗೆ ಕೈಯಿಲ್ಲ. ಎರಡನೇ ಗೇರಿನಲ್ಲೇ, ಎಳೆಯುತ್ತಾ, ಒಂದು ತಿರುವು ಮುಗಿಸಿದೆ. ಎದುರಿಗೆ ಸರ್ಕಾರಿ ಬಸ್ಸು.

ಇಬ್ಬರೂ ನಿಂತೆವು. ಡ್ರೈವರು ನನ್ನನ್ನು ನೋಡಿದ. ಹೊರಗೆ ಚಾಚಿದ ನನ್ನ ಕೋಲನ್ನು ನೋಡಿದ. ಮತ್ತೆ ನನ್ನನ್ನು ನೋಡಿದ. ಬಸ್ಸಿನ ಪಕ್ಕದ ಗಾಜುಗಳ ಮೇಲೆ ಒಳಗಿನಿಂದ ಅಂಗೈಗಳು ಆಡಿ, ಒರೆಸಿದ ದುಂಡು ದುಂಡು ಜಾಗದಲ್ಲಿ ಒಂದೊಂದು ಮುಖ ಮೂಡಿತು. ಕಂಡಕ್ಟರು ಇಳಿದು ಬಂದ.

"ಎಂತ ಸಾರ್ ಇದು?"

"ವೈಪರ್."

"ಅದು ಕಾಣ್ತದೆ."

ಅಷ್ಟರಲ್ಲಿ ಡ್ರೈವರು ತಲೆ ಹೊರಗೆ ಹಾಕಿ, "ಅಷ್ಟು ಉದ್ದ ಉಂಟಲ್ಲ, ಹೇಗೂ ನಿಂತಿದ್ದೇವೆ, ನಮ್ಮದಕ್ಕೂ ಒಂದು ಎಳೀರಿ" ಅಂದ. ನೋಡಿದರೆ ಅವನ ಎಡಗಡೆಯ ವೈಪರೂ ಮಲಗಿತ್ತು. ಗಾಜಿನ ಮೇಲೆ ಕೆಸರು, ಹುಳ, ಯಾವುದೋ ಹಳೇ ಮಾಲೆಯ ಹೂ. ನನಗೆ ಒಂದು ಕಾಯಿಲೆಯುಂಟು, ಕೊಳೆ ಗಾಜು ಕಂಡರೆ ಕೈ ನಿಲ್ಲುವುದಿಲ್ಲ. ಇಳಿದು, ಡ್ರಮ್ಮಿನ ನಲ್ಲಿ ತಿರುಗಿಸಿ, ನೆನೆಸಿ, ಉಜ್ಜಿ, ಮೇಲಿನಿಂದ ಮೂರು ಎಳೆತ ಎಳೆದೆ, ಅಂಚಿಗೆ ಒಣಬಟ್ಟೆ. ಡ್ರೈವರು ಒಳಗೆ ಕೂತು ಮೊದಲ ಸಲ ರಸ್ತೆ ನೋಡಿದವನಂತೆ ಕಣ್ಣರಳಿಸಿದ. ಮುಗಿಯಿತು ಅಂತ ತಿರುಗಿದರೆ ಪಕ್ಕದ ಕಿಟಕಿಯಿಂದ ಒಬ್ಬರು ಅಜ್ಜಿ ಗಾಜು ಕುಟ್ಟಿ, ಬೆರಳು ತೋರಿಸಿದರು, ಇದು? ಅಜ್ಜಿಯದು ಮಾಡಿದ ಮೇಲೆ ಅವರ ಹಿಂದಿನವರದು ಬಿಡುವುದು ಹೇಗೆ? ಆ ಪಕ್ಕದ ಅಷ್ಟೂ ಗಾಜು ಮಾಡಿದೆ. ಹಿಂದೆ ಎರಡು ಜೀಪು ಹಾರ್ನ್ ಹೊಡೆಯುತ್ತಿದ್ದವು.

ಕಂಡಕ್ಟರು ಚರ್ಮದ ಚೀಲಕ್ಕೆ ಕೈ ಹಾಕಿ ಕೇಳಿದ, "ಎಷ್ಟಾಯ್ತು?"

ನನ್ನ ಬಾಯಿಂದ ಬಂದ ಮಾತನ್ನು ನಾನೇ ನಂಬಲಿಲ್ಲ. "ಎಂತ ಇಲ್ಲ" ಅಂದೆ. ಕೈಯಲ್ಲಿದ್ದ ಬಟ್ಟೆಯಿಂದ ಬೆರಳನ್ನೂ ಒರೆಸಿಕೊಳ್ಳುತ್ತಿದ್ದೆ.

ಬಸ್ಸು ಫಳಫಳ ಹೊಳೆಯುತ್ತಾ ಮಡಿಕೇರಿಯ ಕಡೆ ಹೋಯಿತು. ನಾನು ಹತ್ತಿ ಕೂತೆ. ನನ್ನ ಗಾಜಿನ ತುಂಬ ನೀರು, ಡ್ರಮ್ಮಿನಲ್ಲಿ ಅರ್ಧ. ಹೋಂಸ್ಟೇ ಯಜಮಾನರು ತಡವಾದದ್ದಕ್ಕೆ ಗೊಣಗಿದರು, ಮುಂದಿನದು ಹೇಳಿಯಾಗಿದೆ.

ಇವತ್ತು ಬೆಳಿಗ್ಗೆಯೇ ವ್ಯಾನನ್ನು ಮೇಸ್ತ್ರಿಯ ಹತ್ತಿರ ಬಿಟ್ಟೆ. ವೈಪರ್ ಮೋಟಾರೇ ಹೋಗಿದೆಯಂತೆ. ಹೇಗೂ ಬಂದಿದೆಯಲ್ಲ ಅಂತ ಪಕ್ಕದ ಜಾರುಬಾಗಿಲಿನ ಹಳಿಯನ್ನೂ ಸ್ಕ್ರೂಡ್ರೈವರಿನಿಂದ ಕೆದಕತೊಡಗಿದ. ಎಷ್ಟೋ ತಿಂಗಳಿಂದ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿದ್ದ ಬಾಗಿಲು. ಒಂದು ಕಾಫಿಬೀಜ ಬಂತು, ಎರಡು ಗುಂಡುಸೂಜಿ, ಹೋಟೆಲಿನ ಹಲ್ಲುಕಡ್ಡಿ. ಮೂಲೆಯಿಂದ ಕಲ್ಲಿನಂತೆ ಗಟ್ಟಿಯಾದ ಕೆಂಪು ಮಣ್ಣಿನ ಒಂದು ಹೆಂಟೆ ಎದ್ದು ಬಂತು. ಅದರಲ್ಲಿ ಹುದುಗಿಕೊಂಡು ಹಸಿರು ಗಾಜಿನ ಬಳೆಯ ಚೂರು, ಮಗುವಿನ ಕೈಯಳತೆಯದು.

2018ರ ಆಗಸ್ಟಿನಲ್ಲಿ ಮಕ್ಕಂದೂರಿನ ಕಡೆ ಗುಡ್ಡ ಕುಸಿದಾಗ, ಡ್ರಮ್ಮು ಏಣಿ ಎಲ್ಲ ಅಂಗಳಕ್ಕೆಸೆದು, ರಸ್ತೆ ಇದ್ದಷ್ಟು ದೂರ ಹೋಗಿ, ಹೆಂಡತಿಯ ಅಣ್ಣನ ಮನೆಯವರನ್ನೂ ಅವರ ನೆರೆಯವರನ್ನೂ ತುಂಬಿಕೊಂಡು ಬಂದಿದ್ದೆ. ಹನ್ನೊಂದು ಜನ, ಒಂದು ನಾಯಿ. ಮೊಣಕಾಲವರೆಗೂ ಕೆಸರು. ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ. ಒಂದು ಹುಡುಗಿ ಮಾತ್ರ, ಇಂಜಿನ್ನಿನ ಬಿಸಿಗೆ ಸೀಟು ಬೆಚ್ಚಗಾದಾಗ, "ಮಾಮ, ಇದರೊಳಗೆ ಒಲೆ ಉಂಟಾ?" ಅಂತ ಕೇಳಿತ್ತು. ಅವತ್ತು ವ್ಯಾನು ಒಮ್ಮೆಯೂ ಕೆಮ್ಮಲಿಲ್ಲ. ಬಳೆ ಅವಳದೇ ಅಂತ ಹೇಗೆ ಹೇಳಲಿ. ಆಮೇಲೂ ಎಷ್ಟು ಜನ ಹತ್ತಿ ಇಳಿದಿದ್ದಾರೆ.

"ಇದು ಬೇಕಾ ಅಣ್ಣ?" ಅಂದ ಮೇಸ್ತ್ರಿ. ತೆಗೆದು ಡ್ಯಾಶ್‌ಬೋರ್ಡಿನ ಗೂಡಿನಲ್ಲಿ, ಎಮಿಷನ್ ಚೀಟಿಯ ಕೆಳಗೆ ಇಟ್ಟೆ.

ಬಾಗಿಲು ಈಗ ಒಂದೇ ಬೆರಳಿಗೆ ಸರಿಯುತ್ತದೆ. ಖುಷಿಯಲ್ಲಿ ನಾಲ್ಕು ಸಲ ತೆಗೆದು ಹಾಕಿದೆ. ಅಷ್ಟರಲ್ಲಿ ಅವನು ಸೀಟು ಎತ್ತಿ ತಲೆ ತೂರಿಸಿದ್ದ. ನಾನು ಕಾದೆ. ಎಂತಿಲ್ಲ ಬರಲಿಲ್ಲ. ತಲೆ ಹೊರಗೆ ಬಂತು. ಬನಿಯನ್ ತುಂಡು ಮುಟ್ಟಲಿಲ್ಲ. ಹುಡುಗನನ್ನು ಚಹಾಕ್ಕೂ ಕಳಿಸಲಿಲ್ಲ. ಟಾರ್ಚು ಹಿಡಿದು ಇನ್ನೊಮ್ಮೆ ಬಗ್ಗಿ ನೋಡಿ, ಮೆಲ್ಲಗೆ ಸೀಟು ಇಳಿಸಿ, ನನ್ನ ಕಡೆ ತಿರುಗದೆ ಹೇಳಿದ:

"ಅಣ್ಣ, ಇದರಲ್ಲಿ ಸ್ವಲ್ಪ ಉಂಟು."

ಪಕ್ಕದಲ್ಲಿ ಒಂದು ಹಳೇ ಟೈರು ಬಿದ್ದಿತ್ತು. ಅದರ ಮೇಲೆ ಕೂತೆ.