ಸಾಲಗಾಮೆ ರಸ್ತೆಯ ಬಟ್ಟಲುಗಳೂ ಚಂದ್ರಯಾನವೂ

2023ರ ಜುಲೈ 14ರಂದು ಮಧ್ಯಾಹ್ನ ಸಕಲೇಶಪುರದ ಬಳಿಯ ಅಣ್ಣನ ತೋಟದ ಮನೆಯಲ್ಲಿ ನಾವೆಲ್ಲ ಟಿ.ವಿ. ಮುಂದೆ ಕುಳಿತಿದ್ದೆವು. ಚಂದ್ರಯಾನ-3 ಮೇಲೇರುವುದಕ್ಕೆ ಐದು ನಿಮಿಷವಿದೆ ಎನ್ನುವಾಗ ಮಳೆ ಜೋರಾಗಿ ಹಿಡಿದು, ಚಿತ್ರ ಮೊದಲು ಚೌಕ ಚೌಕವಾಗಿ ಒಡೆದು, ಆಮೇಲೆ ಪೂರ್ತಿ ಮಾಯವಾಯಿತು. ಅಣ್ಣನ ಮಗ ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗಿ ಡಿಶ್ ಒರೆಸಿ ಬಂದ. ಒರೆಸಿ ಪ್ರಯೋಜನವಿರಲಿಲ್ಲ, ಅಲೆಗಳನ್ನು ನುಂಗುತ್ತಿದ್ದದ್ದು ಆಕಾಶದಿಂದ ಬೀಳುತ್ತಿದ್ದ ಮಳೆಹನಿಗಳೇ. "ಚಂದ್ರನ ಹತ್ರ ಹೋಗೋರಿಗೆ ನಮ್ಮ ಟಿ.ವಿ. ಸರಿಯಾಗಿ ಬರೋ ಹಾಗೆ ಮಾಡೋಕಾಗಲ್ವಾ?" ಎಂದು ಅತ್ತಿಗೆ ಕೇಳಿದರು. ಎಲ್ಲರೂ ನಕ್ಕರು.

ಅತ್ತಿಗೆಯ ಮಾತಿನಲ್ಲಿದ್ದ ಭೇದವನ್ನು ನಮ್ಮಲ್ಲಿ ಹೆಚ್ಚಿನವರು ಮಾಡುತ್ತೇವೆ. ಚಂದ್ರ, ಮಂಗಳ ಎಂದರೆ ವಿಜ್ಞಾನ, ಟಿ.ವಿ., ಫೋನು, ಇಂಟರ್‌ನೆಟ್ಟಿನ ಉಪಗ್ರಹಗಳೆಂದರೆ ವ್ಯಾಪಾರ. ಆದರೆ ಆ ದಿನ ಚಂದ್ರಯಾನವನ್ನು ಹೊತ್ತೊಯ್ದ ಎಲ್‌ವಿಎಂ-3 ರಾಕೆಟ್ಟು ಅದಕ್ಕೂ ಹಿಂದಿನ ಎರಡು ಹಾರಾಟಗಳಲ್ಲಿ, ಅಂದರೆ 2022ರ ಅಕ್ಟೋಬರ್ 23ರಂದು ಮತ್ತು 2023ರ ಮಾರ್ಚ್ 26ರಂದು, ಮಾಡಿದ್ದು ಶುದ್ಧ ಬಾಡಿಗೆಯ ಕೆಲಸವನ್ನೇ. ಲಂಡನ್ನಿನ ಒನ್‌ವೆಬ್ ಎಂಬ ಉಪಗ್ರಹ ಸಂವಹನ ಕಂಪನಿಯ ತಲಾ 36 ಉಪಗ್ರಹಗಳನ್ನು ಅದು ಕಕ್ಷೆಗೆ ಮುಟ್ಟಿಸಿತ್ತು. ಯುಕ್ರೇನ್ ಯುದ್ಧದಿಂದಾಗಿ ರಷ್ಯಾದ ಸೊಯುಜ್ ರಾಕೆಟ್ಟುಗಳು ಕೈತಪ್ಪಿದ್ದರಿಂದ ಆ ಕಂಪನಿ ಬೇರೆ ದಾರಿ ಹುಡುಕುತ್ತಿತ್ತು. ಇಸ್ರೋದ ವಾಣಿಜ್ಯ ಅಂಗವಾಗಿ 2019ರಲ್ಲಿ ಹುಟ್ಟಿದ ನ್ಯೂಸ್ಪೇಸ್ ಇಂಡಿಯಾ ಲಿಮಿಟೆಡ್ ಆ ಕೆಲಸವನ್ನು ಹಿಡಿಯಿತು. ಚಂದ್ರಯಾನಕ್ಕೆ ಮೊದಲೇ ರಾಕೆಟ್ಟಿಗೆ ಎರಡು ಬಾರಿ ಕೈ ಪಳಗಿತು, ಅದೂ ಬೇರೆಯವರ ಖರ್ಚಿನಲ್ಲಿ.

ಹಾಸನದವನಾದ ನನಗೆ ಇದಕ್ಕಿಂತ ಹತ್ತಿರದ ಉದಾಹರಣೆಯೊಂದಿದೆ. ಸಾಲಗಾಮೆ ರಸ್ತೆಯಲ್ಲಿ ಓಡಾಡುವವರಿಗೆಲ್ಲ ಎಂಸಿಎಫ್‌ನ, ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದ, ದೊಡ್ಡ ಬಿಳಿ ಆಂಟೆನಾ ಬಟ್ಟಲುಗಳು ಪರಿಚಿತ. ನಮ್ಮ ಸಂವಹನ ಉಪಗ್ರಹಗಳನ್ನು ರಾಕೆಟ್ಟು ಬಿಟ್ಟುಹೋದ ಜಾಗದಿಂದ 35,786 ಕಿ.ಮೀ. ಎತ್ತರದ ಭೂಸ್ಥಿರ ಕಕ್ಷೆಗೆ ಏರಿಸಿ, ಆಮೇಲೆ ವರ್ಷಗಟ್ಟಲೆ ಅಲ್ಲಿಂದ ಅಲುಗದಂತೆ ಕಾಯುವುದು ಇಲ್ಲಿನವರ ಕೆಲಸ. 1982ರಲ್ಲಿ ಅವರಿಗೆ ಮೊದಲು ಸಿಕ್ಕ ಇನ್ಸಾಟ್-1ಎ, ಇಂಧನವೆಲ್ಲ ಬರಿದಾಗಿ, ಐದು ತಿಂಗಳೊಳಗೆ ಕೈಬಿಟ್ಟುಹೋಯಿತು. ಮರುವರ್ಷ ಬಂದ ಇನ್ಸಾಟ್-1ಬಿಯ ಸೌರಫಲಕ ಬಿಚ್ಚಿಕೊಳ್ಳಲೊಲ್ಲದೆ ವಾರಗಟ್ಟಲೆ ಕಾಡಿಸಿತು. ಆ ಎರಡು ಉಪಗ್ರಹಗಳೂ ಅಮೆರಿಕದಲ್ಲಿ ತಯಾರಾದವು.

1992ರಲ್ಲಿ ಇನ್ಸಾಟ್-2ಎ ಉಪಗ್ರಹವನ್ನು ನಾವೇ ಕಟ್ಟಿದಾಗ ಅದರಲ್ಲಿ 440 ನ್ಯೂಟನ್ ನೂಕುಬಲದ ಒಂದು ದ್ರವ ಎಂಜಿನ್ ಇತ್ತು. ದೂರದರ್ಶನ, ದೂರವಾಣಿ, ಹವಾಮಾನಕ್ಕೆಂದು ಮಾಡಿದ ಉಪಗ್ರಹವನ್ನು ಕಕ್ಷೆಗೆ ಏರಿಸುವುದಷ್ಟೇ ಅದರ ಕೆಲಸ. ಎಷ್ಟು ಹೊತ್ತು ಉರಿಸಬೇಕು, ಯಾವ ಕ್ಷಣಕ್ಕೆ ಆರಿಸಬೇಕು ಎಂಬುದು ಉಪಗ್ರಹದ ಮೇಲೆ ಉಪಗ್ರಹ ಬಂದಂತೆ ರೂಢಿಯಾಯಿತು. 2008ರಲ್ಲಿ ಚಂದ್ರಯಾನ-1ನ್ನು ಚಂದ್ರನ ಬಳಿಗೆ ಒಯ್ದದ್ದೂ ಇದೇ ಬಗೆಯ ಎಂಜಿನ್ನು, ಮಂಗಳಯಾನವನ್ನು ಮಂಗಳದ ಕಕ್ಷೆಗೆ ಇಳಿಸಿದ್ದೂ ಇದೇ. ಸುಮಾರು ಮುನ್ನೂರು ದಿನ ಸುಮ್ಮನಿದ್ದ ಎಂಜಿನ್ ಮತ್ತೆ ಹೊತ್ತಿಕೊಳ್ಳುವುದೋ ಇಲ್ಲವೋ ಎಂದು 2014ರ ಸೆಪ್ಟೆಂಬರ್ 22ರಂದು ಸುಮಾರು ನಾಲ್ಕು ಸೆಕೆಂಡು ಉರಿಸಿ ನೋಡಿ, ಎರಡು ದಿನ ಬಿಟ್ಟು ಇಪ್ಪತ್ತಮೂರು ನಿಮಿಷದಷ್ಟು ಉರಿಸಿದರು. ಟಿ.ವಿ.ಯ ಉಪಗ್ರಹದಲ್ಲಿ ಹುಟ್ಟಿದ ಎಂಜಿನ್ ಅದೆಂದು ಆ ದಿನ ಯಾರೂ ಹೇಳಿದ್ದು ನನಗೆ ನೆನಪಿಲ್ಲ.

ನನ್ನ ಆತಂಕ ಇರುವುದು ಇಲ್ಲಿಂದ ಮುಂದೆ. ಈಗ ಸಂವಹನ ಉಪಗ್ರಹಗಳ ಹೊಣೆ ನ್ಯೂಸ್ಪೇಸ್ ಇಂಡಿಯಾದ ಮೇಲಿದೆ. ಕಕ್ಷೆಯಲ್ಲಿರುವ ಹತ್ತು ಉಪಗ್ರಹಗಳನ್ನು ಅದಕ್ಕೆ ವರ್ಗಾಯಿಸಲು 2022ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಮೊದಲು ಗಿರಾಕಿಯನ್ನು ಗೊತ್ತುಮಾಡಿಕೊಂಡು ಆಮೇಲೆ ಉಪಗ್ರಹ ಕಟ್ಟುವುದು ಅದರ ಕ್ರಮ. 2022ರ ಜಿಸ್ಯಾಟ್-24 ಹಾಗೆಯೇ ಟಾಟಾ ಪ್ಲೇಗಾಗಿ ತಯಾರಾಯಿತು. ಹಣಕಾಸಿನ ದೃಷ್ಟಿಯಿಂದ ಈ ಕ್ರಮವನ್ನು ನಾನು ಒಪ್ಪುತ್ತೇನೆ, ಯಾರಿಗೂ ಬೇಡದ ಟ್ರಾನ್ಸ್‌ಪಾಂಡರುಗಳನ್ನು (ನೆಲದ ಅಲೆಗಳನ್ನು ಹಿಡಿದು ಮರಳಿ ಕಳಿಸುವ ಉಪಕರಣಗಳನ್ನು) ಮೇಲೆ ಕಳಿಸಿ ಫಲವಿಲ್ಲ. ಆದರೆ ಮುಂಗಡವಾಗಿ ಬಾಡಿಗೆ ಗೊತ್ತುಮಾಡಿಕೊಂಡ ಗಿರಾಕಿ, ಹಿಂದೆ ಎಲ್ಲಿಯೂ ಹಾರಿಸಿ ನೋಡದ ಎಂಜಿನ್ನನ್ನು ತನ್ನ ಉಪಗ್ರಹದಲ್ಲಿ ಇಡಲು ಬಿಟ್ಟಾನೆಯೇ? 1992ರಲ್ಲಿ ಅಂಥ ಗಿರಾಕಿಯಿದ್ದಿದ್ದರೆ 440 ನ್ಯೂಟನ್ನಿನ ಆ ಎಂಜಿನ್ ಪಳಗುವುದಕ್ಕೆ ಜಾಗ ಎಲ್ಲಿ ಸಿಗುತ್ತಿತ್ತು ಎಂದು ಯೋಚಿಸುತ್ತೇನೆ. ಸರಕಾರ ಈ ಕಂಪನಿಯಿಂದ ಲಾಭದ ಲೆಕ್ಕವನ್ನಷ್ಟೇ ಕೇಳದೆ, ಅದರ ಪ್ರತಿ ಉಪಗ್ರಹದಲ್ಲೂ ಒಂದಾದರೂ ಹೊಸ ಉಪಕರಣ ಹಾರುವಂತೆ ನೋಡಿಕೊಂಡು, ಆ ಭಾಗದ ನಷ್ಟವನ್ನು ತಾನೇ ಹೊರಬೇಕು.

ಅತ್ತಿಗೆಯ ದೂರಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. 2024ರ ನವೆಂಬರಿನಲ್ಲಿ ಇದೇ ಕಂಪನಿ ಸ್ಪೇಸ್‌ಎಕ್ಸ್‌ನ ಫಾಲ್ಕನ್-9 ರಾಕೆಟ್ಟಿನಲ್ಲಿ ಕಳಿಸಿದ ಜಿಸ್ಯಾಟ್-ಎನ್2 ಉಪಗ್ರಹ ಇಂಟರ್‌ನೆಟ್ಟಿಗೆಂದು ಬಳಸುವ, ಹೆಚ್ಚು ಆವರ್ತನದ ಕೆಎ-ಬ್ಯಾಂಡಿನ ಅಲೆಗಳು ಮಳೆಗೆ ಡಿಶ್ ಅಲೆಗಳಿಗಿಂತಲೂ ಬೇಗ ಸೋಲುತ್ತವೆ. ಇದನ್ನು ಅವರಿಗೆ ನಾನಿನ್ನೂ ಹೇಳಿಲ್ಲ.