ಬ್ರೋಕರ್ ಯಾರ ಕಡೆ ಸ್ವಾಮಿ?

ಮೈಸೂರಿನಲ್ಲಿ 30x40 ಅಡಿಯ ಸೈಟು ಹುಡುಕುವಾಗ ಸಿಕ್ಕ ಬ್ರೋಕರ್ ಮಾತು ಶುರು ಮಾಡಿದ್ದೇ ‘ಅಣ್ಣಾ, ನಾನು ನಿಮ್ಮ ಕಡೆಯವನು’ ಅಂತ. ನಂಬಿದೆ. ಜಾಸ್ತಿ ಅಂದ್ರೆ ಎಷ್ಟರವರೆಗೆ ಹೋಗ್ತೀರ ಅಂದ, ನಾನೂ ಪೆದ್ದನ ಹಾಗೆ 58 ಲಕ್ಷ ಅಂದುಬಿಟ್ಟೆ. ಮಾರುವವರು 58ಕ್ಕಿಂತ ಒಂದು ರೂಪಾಯಿ ಕೆಳಗೆ ಇಳಿಯಲಿಲ್ಲ. ಎಂಥಾ ಕಾಕತಾಳೀಯ, ಅಲ್ವಾ!

ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವ ಸರದಿಗೆ ಕಾಯುತ್ತಾ ಕೂತಾಗ ಮಾರುವವರೇ ಬಾಯಿಬಿಟ್ಟರು. ಅವರಿಂದ ಶೇಕಡಾ 2, ನನ್ನಿಂದ ಶೇಕಡಾ 1, ಒಟ್ಟು 1.74 ಲಕ್ಷ ಅವನ ಜೇಬಿಗೆ. ಬೆಲೆ ಏರಿದಷ್ಟೂ ಅವನ ಕಮಿಷನ್ನೂ ಏರುತ್ತದೆ, ಇನ್ನು ನನಗೋಸ್ಕರ ಅವನ್ಯಾಕೆ ಚೌಕಾಸಿ ಮಾಡುತ್ತಾನೆ? ಎರಡೂ ಕಡೆ ತೆಗೆದುಕೊಳ್ಳಲಿ, ಬೇಡ ಅನ್ನುವುದಿಲ್ಲ, ಮೊದಲೇ ಹೇಳಬೇಕಲ್ಲ! 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಏಜೆಂಟರಿಗೆ ನೋಂದಣಿ ಕಡ್ಡಾಯ ಮಾಡಿದೆ ನಿಜ, ಆದರೆ ಅದು ರೇರಾದಲ್ಲಿ ನೋಂದಣಿಯಾದ ಲೇಔಟು, ಫ್ಲ್ಯಾಟುಗಳ ಮಾರಾಟಕ್ಕೆ. ಟೀ ಅಂಗಡಿ ಮುಂದೆ ನಿಂತು ಯಾರದೋ ಹಳೇ ಸೈಟು ತೋರಿಸುವವನಿಗೆ ಅದರ ಗೊಡವೆಯೇ ಇಲ್ಲ.

ಮೊನ್ನೆ ಮತ್ತೆ ಫೋನ್ ಮಾಡಿದ್ದ. ‘ಅಣ್ಣಾ, ಸೈಟು ಮಾರೋದಿದ್ರೆ ಹೇಳಿ, ನಾನು ನಿಮ್ಮ ಕಡೆಯವನು.’